ಮಬ್ಬಿನೊಳಗಿನ ಬಿಳಿ

ದಾಮೋದರ ಮಾಮನ ಎದೆಯೊಳಗಿನ ಮಚ್ಚೆಯನ್ನು ನಾನು ಮೊದಲು ನೋಡಿದ್ದು ನಮ್ಮ ಊಟದ ಮೇಜಿನ ಮೇಲೆ. ಮಾಮನ ಮಗಳು ಮೇಧಾ ಆ ಭಾನುವಾರ ಕಳಕ್ಕೂಟಂನ ತನ್ನ ಫ್ಲಾಟಿನಿಂದ ಬಂದಿದ್ದಳು. ಸ್ಕ್ಯಾನ್ ಸೆಂಟರಿನವರು ಕಳಿಸಿದ್ದ ಲಿಂಕನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಮೌಸಿನ ಗಾಲಿಯನ್ನು ಮೆಲ್ಲಗೆ ಉರುಳಿಸಿದಳು. ಮಾಮ ಕತ್ತಿನಿಂದ ಹೊಟ್ಟೆಯವರೆಗೆ ಹೋಳು ಹೋಳಾಗಿ ಪರದೆಯ ಮೇಲೆ ಹಾದುಹೋದರು.

ಶ್ವಾಸಕೋಶ ಕಪ್ಪಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಗಾಳಿ ಇರುವುದರಿಂದ ಕಪ್ಪು, ರಕ್ತನಾಳಗಳು ಬಿಳಿ ಎಂದು ಮೇಧಾ ಹೇಳಿದಳು. ಕಪ್ಪು ಆಕಾಶದಲ್ಲಿ ಎಲೆ ಉದುರಿದ ಮರದ ಹಾಗೆ ಆ ಬಿಳಿ ಕೊಂಬೆಗಳು ಹರಡಿದ್ದವು. ಬಲಗಡೆ ಮೇಲ್ಭಾಗದಲ್ಲಿ, ಬೆನ್ನಿಗೆ ಹತ್ತಿರವಾಗಿ, ಒಂದು ಮಬ್ಬು. ಕನ್ನಡಿಯ ಹತ್ತಿರ ಬಾಯಿಟ್ಟು ಹಾ ಎಂದಾಗ ಮೂಡುತ್ತದಲ್ಲ, ಅಂಥದ್ದು. ಅದರ ಹಿಂದಿನ ಕೊಂಬೆಗಳು ಕಾಣುತ್ತಲೇ ಇದ್ದವು. ರಿಪೋರ್ಟಿನಲ್ಲಿ ಅದನ್ನು ಉಜ್ಜಿದ ಗಾಜಿಗೆ ಹೋಲಿಸಿದ್ದರು. ನಮ್ಮ ಬಚ್ಚಲುಮನೆಯ ಕಿಟಕಿಗೆ ಹಾಕಿರುವ ಗಾಜು ಅದೇ.

"ಮನುಷ್ಯರ ಒಳಗನ್ನ ತಂದು ಊಟದ ಮೇಜಿನ ಮೇಲೆ ಇಡ್ತೀರಲ್ಲೇ," ಎಂದರು ಸರೋಜ ಅತ್ತೆ. ಅವರು ಪರದೆಯತ್ತ ತಿರುಗಲೇ ಇಲ್ಲ. "ಎತ್ತಿಡಿ, ಸಾರು ತರ್ತೀನಿ."

"ನನ್ನ ಒಳಗು ಕಣೇ, ನೋಡು, ಚೆನ್ನಾಗಿದೆ," ಎಂದರು ಮಾಮ.

ಮಾಮ ನನ್ನ ತಾಯಿಯ ತಮ್ಮ. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ, ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸುವ ವಿಭಾಗದಲ್ಲಿದ್ದಾರೆ. ಅತ್ತೆಯ ಮಂಡಿ ಆಪರೇಷನ್ ಆದಾಗ ಸಹಾಯಕ್ಕೆಂದು ನಂಜನಗೂಡಿನಿಂದ ಬಂದ ನಾನು ಇಲ್ಲೇ ಉಳಿದುಕೊಂಡೆ. ಮಾಮ ಹುಡುಗನಾಗಿದ್ದಾಗ ಕ್ಷಯ ಬಂದು ಎಡ ಶ್ವಾಸಕೋಶದ ಕೆಳಗಿನ ಭಾಗ ಸುಟ್ಟ ಬದನೆಕಾಯಿಯ ಹಾಗೆ ಮುದುಡಿಹೋಗಿತ್ತು. ಅದೂ ಪರದೆಯ ಮೇಲೆ ಕಾಣುತ್ತಿತ್ತು. ಮೈಸೂರಿನ ಯಾರೋ ಹಳೆಯ ಡಾಕ್ಟರು ಅಂದು ಅವರಿಗೆ ಪ್ರಾಣಾಯಾಮ ಕಲಿಸಿದ್ದರಂತೆ. ಅಂದಿನಿಂದ ಉಸಿರಿನ ವಿಷಯದಲ್ಲಿ ಮಾಮನಿಗೆ ಒಂದು ಹೆಮ್ಮೆ. ಒಂದೂವರೆ ಶ್ವಾಸಕೋಶದಲ್ಲಿ ಎರಡರ ಕೆಲಸ ಮಾಡಿಸ್ತೀನಿ ಎನ್ನುತ್ತಿದ್ದರು.

ಆ ಚಿತ್ರ ತೆಗೆದದ್ದು ಮಾರ್ಚ್ ತಿಂಗಳಲ್ಲಿ, ಬಿಡದ ಜ್ವರ ಮತ್ತು ಕೆಮ್ಮಿಗೆಂದು ಹೋದಾಗ. ಮಬ್ಬು ಜ್ವರದ್ದೇ ಇರಬಹುದು, ತಾನಾಗಿ ಹೋಗಬಹುದು. ಹೋಗದಿದ್ದರೆ ಅದು ತೀರಾ ಮೊದಲ ಹಂತದ ಕ್ಯಾನ್ಸರ್ ಇರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದಿದ್ದರು. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದರು: ರೋಗಿ ಕೆಮ್ಮಿದ್ದರಿಂದ ಚಿತ್ರ ಸ್ವಲ್ಪ ಅಲುಗಿದೆ.

ಕ್ಯಾನ್ಸರ್ ಎಂಬ ಮಾತಿಗಿಂತ ಅಲುಗಿದೆ ಎಂಬ ಮಾತೇ ಮಾಮನನ್ನು ಹೆಚ್ಚು ಕಾಡಿತೇನೋ ಎಂದು ಆಗ ನನಗೆ ಅನ್ನಿಸಿತ್ತು. "ನಮ್ಮ ಲ್ಯಾಬಲ್ಲಿ ಹೀಗೆ ರೀಡಿಂಗ್ ತಗೊಂಡ್ರೆ ವಾಪಸ್ ಕಳಿಸ್ತೀವಿ," ಎಂದು ಎಲ್ಲರ ಹತ್ತಿರವೂ ಹೇಳಿಕೊಂಡರು. ಆ ಮೂರು ತಿಂಗಳೂ ಬೆಳಗಿನ ಪ್ರಾಣಾಯಾಮ ದುಪ್ಪಟ್ಟಾಯಿತು. ಅವರದು ಮುಗಿಯುವವರೆಗೂ ಬಾಲ್ಕನಿಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿರುವುದು ನನ್ನ ಕೆಲಸ. ಜೂನಿನಲ್ಲಿ ಸ್ಕ್ಯಾನ್ ಮುಗಿಸಿ ಬಂದಾಗ ಅವರ ಮುಖ ಅರಳಿತ್ತು. "ಟೆಕ್ನೀಷಿಯನ್ ಏನಂದ ಗೊತ್ತಾ ಸುಮಿ? ಅಂಕಲ್, ನೀವು ಕಲ್ಲಿನ ವಿಗ್ರಹ ಅಂದ!"

ಜೂನಿನ ರಿಪೋರ್ಟು ಬೇರೆಯೇ ಆಗಿತ್ತು. ಮಬ್ಬು ಮಾಯವಾಗಿರಲಿಲ್ಲ. ಅದು ಸ್ವಲ್ಪ ಚಿಕ್ಕದಾಗಿ, ಒಳಗೆ ಗಟ್ಟಿ ಬಿಳಿ ಮೂಡಿತ್ತು. ಅರ್ಧಕ್ಕಿಂತ ಹೆಚ್ಚು ಬಿಳಿಯೇ. ಮೇಧಾ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಳು.

"ಈ ಜೂನಿನದರಲ್ಲಿ ಮಾಮ ಎಲ್ಲ ಕಡೆನೂ ಬೂದಿ ಬಣ್ಣ ಇದಾರಲ್ಲ," ಎಂದೆ.

"ಅದು ಬ್ರೈಟ್‌ನೆಸ್ ವ್ಯತ್ಯಾಸ, ಸುಮಿ," ಎಂದಳು ಮೇಧಾ. ಅವಳ ಕಣ್ಣು ಬಿಳಿಯ ಮೇಲೇ ಇತ್ತು.

ಬಿಳಿ ಎಂದರೇನು ಎಂದು ನಮಗೆ ಹೇಳಿದ್ದು ತಿರುವನಂತಪುರದ ಸರ್ಜನ್. ಅವರು ನಿಧಾನ ಸ್ವಭಾವದ ಹಿರಿಯರು. ಕಿಟಕಿಯಾಚೆ ಆಸ್ಪತ್ರೆಯ ಕಾಂಪೌಂಡ್ ಗೋಡೆಯನ್ನು ತೋರಿಸಿದರು. ಅದರ ಮೇಲೆ ಹಸಿರು ಪಾಚಿ ಇತ್ತು, ಒಂದು ಕಡೆ ಅರಳಿ ಸಸಿಯೂ ಹುಟ್ಟಿತ್ತು. ಕೆಟ್ಟ ಜೀವಕೋಶಗಳು ಶ್ವಾಸಕೋಶದ ಗಾಳಿಗೂಡುಗಳ ಗೋಡೆಗೆ ಪಾಚಿಯ ಹಾಗೆ ಹಚ್ಚಿಕೊಂಡಿದ್ದರೆ ಗೂಡಿನೊಳಗೆ ಗಾಳಿ ಉಳಿದಿರುತ್ತದೆ. ಆಗ ಸ್ಕ್ಯಾನಿನಲ್ಲಿ ಬರೀ ಮಬ್ಬು ಕಾಣುತ್ತದೆ. ಅರಳಿಯ ಹಾಗೆ ಗೋಡೆಯೊಳಕ್ಕೆ ಬೇರು ಇಳಿಸಿದರೆ ಅಲ್ಲಿ ಗಾಳಿ ಇರುವುದಿಲ್ಲ, ಬಿಳಿ ಕಾಣುತ್ತದೆ. ಬಿಳಿ ಎಷ್ಟಿದೆಯೋ ಬೇರು ಹೆಚ್ಚುಕಡಿಮೆ ಅಷ್ಟು. ಪಾಚಿಯಾದರೆ ಕಾಯಬಹುದು, ಇಲ್ಲವೇ ಸ್ವಲ್ಪ ಕೆರೆದು ತೆಗೆಯಬಹುದು. ಬೇರು ಇಷ್ಟು ಇಳಿದಿದ್ದರೆ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅಂದರೆ ಮೇಲಿನ ದೊಡ್ಡ ವಿಭಾಗವನ್ನು, ಇಡಿಯಾಗಿ ತೆಗೆಯಬೇಕು.

"ತೆಗೆದರೆ?" ಎಂದರು ಮಾಮ.

"ಬೇರೆಯವರಾಗಿದ್ದರೆ ಯೋಚನೆ ಇರಲಿಲ್ಲ. ನಿಮ್ಮ ಎಡಗಡೆ ಮೊದಲೇ ಕೆಟ್ಟಿದೆ. ನಡೆಯುತ್ತೀರಿ. ಮೆಟ್ಟಿಲು ಕಷ್ಟ. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಬೇಕಾಗಿ ಬರಲೂಬಹುದು."

ಹೊರಗೆ ಬಂದ ಮೇಲೆ ಅತ್ತೆ ಆಟೋದಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. ಮಾಮ ಆ ಗೋಡೆಯ ಅರಳಿ ಸಸಿಯನ್ನೇ ನೋಡುತ್ತಿದ್ದರು. ಆಪರೇಷನ್‌ಗೆ ಮುಂಚೆ ಕೊಚ್ಚಿಯಲ್ಲಿ ಎದೆಯ ಚಿತ್ರಗಳನ್ನು ಮಾತ್ರ ಓದುವ ಡಾಕ್ಟರೊಬ್ಬರಿಗೆ ಎರಡನ್ನೂ ತೋರಿಸಿ ಬನ್ನಿ ಎಂದು ಸರ್ಜನ್ನೇ ಹೇಳಿದ್ದರು.

ಜುಲೈಯಲ್ಲಿ ನಾವು ನಾಲ್ವರೂ ಬೆಳಗಿನ ರೈಲಿಗೆ ಹೊರಟೆವು. ಮೇಧಾ ರಜೆ ಹಾಕಿದ್ದಳು. ಅತ್ತೆ ಚಪಾತಿ ಸುತ್ತಿ ತಂದಿದ್ದರು. ಕೊಲ್ಲಂ ದಾಟಿದ ಮೇಲೆ ಮಾಮ ಕಾಲು ಮಡಚಿ ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿದರು. ಮೊದಲು ದೊಡ್ಡದಾಗಿ ಉಸಿರೆಳೆದರು. ಅದನ್ನು ಸಣ್ಣಗೆ, ಉದ್ದಕ್ಕೆ, ಪೂರ್ತಿ ಬಿಟ್ಟರು. ಹೊಟ್ಟೆ ಬೆನ್ನಿಗೆ ಅಂಟಿತು. ಹಾಗೇ ಉಸಿರು ತಡೆದು ಕೂತರು. ಎದುರು ಸೀಟಿನ ಹೆಂಗಸು ಓದುತ್ತಿದ್ದ ಪೇಪರನ್ನು ಕೆಳಗಿಳಿಸಿ ಮಾಮನನ್ನು ನೋಡಿದಳು, ಆಮೇಲೆ ನಮ್ಮನ್ನು ನೋಡಿದಳು.

"ಎಂದಾ ಚೇಚಿ, ಇವರಿಗೆ ಹುಷಾರಿಲ್ವಾ?" ಎಂದು ಮಲಯಾಳಂನಲ್ಲಿ ಅತ್ತೆಯನ್ನು ಕೇಳಿದಳು.

"ಸಾರಮಿಲ್ಲ, ಏನೂ ಆಗಿಲ್ಲ, ಅದು ಅಭ್ಯಾಸ," ಎಂದರು ಅತ್ತೆ. ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಕಾಯಂಕುಳಂ ಬರೋವರೆಗೂ ಹಿಡೀತಾರೋ ಏನೋ. ಟಿಕೆಟ್ ಕಲೆಕ್ಟರ್ ಬಂದ್ರೆ ಸತ್ತೋದ್ರು ಅಂತ ಇಳಿಸಿಬಿಡ್ತಾನೆ."

"ಅಮ್ಮಾ, ಪ್ಲೀಸ್!" ಎಂದಳು ಮೇಧಾ.

ಮಾಮ ಕಣ್ಣು ಬಿಡದೆಯೇ ಒಂದು ಬೆರಳು ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು.

ಕೊಚ್ಚಿಯ ನಾರ್ತ್ ಸ್ಟೇಷನ್ನಿನಲ್ಲಿಳಿದು ಮೆಟ್ರೊ ಹಿಡಿದು ಎಡಪ್ಪಳ್ಳಿಯಲ್ಲಿ ಇಳಿದೆವು. ಆಸ್ಪತ್ರೆಯ ಏಳನೇ ಮಹಡಿಯ ಕಾಯುವ ಜಾಗದಿಂದ ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಮಳೆಯಲ್ಲಿ ನೀಲಿಯಾಗಿ ಕಾಣುತ್ತಿದ್ದವು. ಮಾಮ ಕಿಟಕಿಗೆ ಮೂಗು ಒತ್ತಿ, ಅವು ಎತ್ತುವ ತೂಕವನ್ನು ಎಲ್ಲಿ ಅಳೆಯುತ್ತಾರೆ ಎಂಬುದನ್ನು ಮೇಧಾಗೆ ವಿವರಿಸತೊಡಗಿದರು. ಅವಳು ಹೂಂ ಹೂಂ ಎನ್ನುತ್ತ ಫೋನಿನಲ್ಲಿ ಆಫೀಸಿಗೆ ಉತ್ತರ ಬರೆಯುತ್ತಿದ್ದಳು.

ಡಾಕ್ಟರ ಹೆಸರು ನಿಶಾ. ಕೋಣೆಯ ದೀಪ ಆರಿಸಿ, ಸ್ವೆಟರ್ ಹಾಕಿಕೊಂಡು, ಎರಡು ದೊಡ್ಡ ಪರದೆಗಳ ಮುಂದೆ ಕೂತಿದ್ದರು. ನಾವು ನಾಲ್ವರೂ ಒಳಗೆ ಬಂದದ್ದು ನೋಡಿ, "ಇಡೀ ಮನೆಯೇ ಬಂದಿದೆಯಲ್ಲ, ಒಳ್ಳೆಯದು, ಚಳಿ ಕಡಿಮೆಯಾಗುತ್ತೆ," ಎಂದರು. ಅವರು ಮಲಯಾಳಂನಲ್ಲೂ ಇಂಗ್ಲಿಷಿನಲ್ಲೂ ಮಾತಾಡುತ್ತಿದ್ದರು. ಇಂಗ್ಲಿಷ್ ಬಂದಾಗ ಮೇಧಾ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಎಡಗಡೆಯ ಪರದೆಯಲ್ಲಿ ಮಾರ್ಚ್, ಬಲಗಡೆಯದರಲ್ಲಿ ಜೂನ್. ಡಾಕ್ಟರು ಮೊದಲು ಮಚ್ಚೆಯ ಹತ್ತಿರ ಹೋದರು. ನೋಡಿದರು. ಆಮೇಲೆ ಅದನ್ನು ಬಿಟ್ಟು ಮೇಲಕ್ಕೆ ಹೋದರು. ಕತ್ತಿನ ಕೆಳಗೆ ನಿಂತರು. ಅಲ್ಲಿ ಏನೂ ಇರಲಿಲ್ಲ, ಉಸಿರಿನ ಕೊಳವೆ ಮಾತ್ರ ಒಂದು ಕಪ್ಪು ತೂತಾಗಿ ಕಾಣುತ್ತಿತ್ತು. ಮತ್ತೆ ಮಚ್ಚೆಗೆ ಬಂದರು. ಮತ್ತೆ ಕೊಳವೆಗೆ ಹೋದರು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅಲ್ಲೂ ಏನೋ ಇದೆ ಎಂದು ಅವರು ತಿಳಿದಿದ್ದರು.

ನಾನೂ ಕೊಳವೆಯನ್ನೇ ನೋಡಿದೆ. ಮಾರ್ಚಿನಲ್ಲಿ ಅದು ಬಳೆಯ ಹಾಗೆ ದುಂಡಗಿತ್ತು. ಜೂನಿನಲ್ಲಿ ಹಿಂಬದಿ ಒಳಕ್ಕೆ ತಳ್ಳಿಸಿಕೊಂಡು ಗೋಡಂಬಿಯ ಹಾಗಾಗಿತ್ತು.

"ಅಂಕಲ್," ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ. "ಎರಡನೇ ಸಲ ಸ್ಕ್ಯಾನ್ ಮಾಡುವಾಗ ನೀವು ಉಸಿರು ಬಿಟ್ಟಿದ್ದಿರಾ?"

ಮಾಮ ನೆಟ್ಟಗೆ ಕೂತರು. "ಇಲ್ಲ ಡಾಕ್ಟರ್. ಹಿಡಿದಿದ್ದೆ. ಪೂರ್ತಿ ಹಿಡಿದಿದ್ದೆ. ಆ ಟೆಕ್ನೀಷಿಯನ್ನನ್ನ ಬೇಕಾದ್ರೆ ಕೇಳಿ. ಕಲ್ಲಿನ ವಿಗ್ರಹ ಅಂದ."

"ಹಿಡಿದಿದ್ದೀರಿ, ಸರಿ. ಚಿತ್ರ ಒಂದು ಚೂರೂ ಅಲುಗಿಲ್ಲ. ಆದರೆ ಉಸಿರು ಬಿಟ್ಟಾಗಲೇ ಈ ಕೊಳವೆಯ ಹಿಂಬದಿ ಹೀಗೆ ಒಳಕ್ಕೆ ಬರೋದು…"

"ಹಿಡಿದ್ರಿ ಕಣ್ರೀ, ಆದ್ರೆ ಏನನ್ನ ಹಿಡಿದ್ರಿ ಅಂತ ಅವರು ಕೇಳ್ತಿರೋದು," ಎಂದರು ಅತ್ತೆ ಕನ್ನಡದಲ್ಲಿ. "ಒಳಗೆ ಗಾಳಿ ಇಟ್ಕೊಂಡು ಹಿಡಿದ್ರೋ, ರೈಲಲ್ಲಿ ಮಾಡಿದ್ರಲ್ಲ ಹಾಗೆ ಖಾಲಿ ಮಾಡ್ಕೊಂಡು ಹಿಡಿದ್ರೋ?"

ಮಾಮ ಅತ್ತೆಯನ್ನು ನೋಡಿದರು. ಆಮೇಲೆ ಡಾಕ್ಟರಿಗೆ ಪಾಠ ಹೇಳುವ ಹಾಗೆ ವಿವರಿಸಿದರು. ಯಂತ್ರದೊಳಗಿನ ದನಿ ಉಸಿರೆಳೆಯಿರಿ ಎಂದಿತು, ಎಳೆದೆ. ಹಿಡಿಯಿರಿ ಎಂದಿತು. ತುಂಬಿದ ಪಾತ್ರೆ ಒತ್ತಡಕ್ಕೆ ನಡುಗುತ್ತಲೇ ಇರುತ್ತದೆ, ಖಾಲಿ ಪಾತ್ರೆ ನಡುಗುವುದಿಲ್ಲ. ತುಂಬಿ ಹಿಡಿಯುವುದು ಕಲಿಯುವವರ ಕ್ರಮ, ಬಿಟ್ಟು ಹಿಡಿಯುವುದು ಪಳಗಿದವರದು. ಮಾರ್ಚಿನಲ್ಲಿ ಅಲುಗಿದ ಚಿತ್ರದಿಂದ ನಿಮಗೆಲ್ಲ ತೊಂದರೆ ಆಗಿತ್ತು. ಆದ್ದರಿಂದ ಪೂರ್ತಿ ಬಿಟ್ಟು, ಆಮೇಲೆ ಹಿಡಿದೆ. ಇದಕ್ಕಾಗಿ ಮೂರು ತಿಂಗಳು ಅಭ್ಯಾಸ ಮಾಡಿದ್ದೆ.

ಡಾಕ್ಟರ್ ನಿಶಾ ಕುರ್ಚಿಯನ್ನು ಪೂರ್ತಿ ನಮ್ಮ ಕಡೆ ತಿರುಗಿಸಿದರು. ನಗು ಬಂದದ್ದು ಕಾಣದಿರಲೆಂದು ಸ್ವೆಟರಿನ ತೋಳನ್ನು ಬಾಯಿಗೆ ಅಡ್ಡ ಹಿಡಿದರು. ಮರುಕ್ಷಣ ಗಂಭೀರವಾದರು.

"ಅಂಕಲ್, ತಿಳಿ ಬಣ್ಣದ ಕೊಡೆ ಬಿಚ್ಚಿದರೆ ಅದರ ಮೂಲಕ ಬೆಳಕು ಬರುತ್ತೆ. ಅದೇ ಕೊಡೆ ಮಡಚಿದರೆ? ಬಟ್ಟೆ ಅಷ್ಟೇ, ಆದರೆ ಒತ್ತಾಗಿ ಕಪ್ಪಾಗಿ ಕಾಣುತ್ತೆ. ನೀವು ಶ್ವಾಸಕೋಶವನ್ನು ಮಡಚಿ ಕೊಟ್ಟಿದ್ದೀರಿ. ಸ್ಕ್ಯಾನಿನಲ್ಲಿ ಒತ್ತಾದದ್ದು ಬಿಳಿ ಕಾಣುತ್ತೆ, ಹಾಗಾಗಿ ಮಬ್ಬೂ ಬಿಳಿಯಾಗಿದೆ. ಅದರಲ್ಲಿ ನಿಜವಾದ ಬಿಳಿ ಎಷ್ಟು, ಮಡಿಕೆ ಎಷ್ಟು, ನನಗೆ ಹೇಳೋಕೆ ಆಗಲ್ಲ."

ಮೊದಲು ಮಾತಾಡಿದ್ದು ಮೇಧಾ. "ಹಾಗಾದ್ರೆ ಕ್ಯಾನ್ಸರ್ ಇಲ್ಲ?"

"ಹಾಗೆ ನಾನು ಹೇಳಲಿಲ್ಲ. ಮೂರು ತಿಂಗಳಾದರೂ ಹೋಗದ ಮಬ್ಬು ಜ್ವರದ್ದಲ್ಲ. ಇದೆ. ಎಷ್ಟು ಒಳಗೆ ಇಳಿದಿದೆ ಅನ್ನೋದು ಗೊತ್ತಿಲ್ಲ. ಆಪರೇಷನ್ ದೊಡ್ಡದೋ ಚಿಕ್ಕದೋ ಅನ್ನೋದು ಅದರ ಮೇಲೆ ನಿಂತಿದೆ. ಇವತ್ತೇ ಮತ್ತೊಮ್ಮೆ ತೆಗೀಬೇಕು. ತುಂಬಿದ ಉಸಿರಿನಲ್ಲಿ, ತೀರಾ ತೆಳುವಾದ ಹೋಳುಗಳಲ್ಲಿ."

ಮಾಮನ ಮುಖ ನೋಡಲಾಗಲಿಲ್ಲ. ಬೇರೆಯವರ ತಪ್ಪು ಅಳತೆಗಳನ್ನು ಜೀವಮಾನವಿಡೀ ಹಿಡಿದ ಮನುಷ್ಯ ಅವರು. ಅತ್ತೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮಾಮನ ಕೈಗೆ ಕೊಟ್ಟರು.

ಸ್ಕ್ಯಾನ್ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಟೆಕ್ನೀಷಿಯನ್ ರಾಜೀವ್ ಎಂಬ ತರುಣ. ಡಾಕ್ಟರು ತಾವೇ ಬಂದು ಅವನಿಗೆ ವಿಷಯ ಹೇಳಿದರು. "ಇವರು ಯಂತ್ರದ ಮಾತು ಕೇಳಲ್ಲ. ತಮ್ಮದೇ ಪದ್ಧತಿ ಇದೆ."

"ಹೊದಿಕೆ ಕೆಳಗೆ ಗೊತ್ತಾಗಲ್ಲ ಡಾಕ್ಟರ್," ಎಂದ ರಾಜೀವ್. "ಅಲುಗದಿದ್ದರೆ ಹಿಡಿದಿದ್ದಾರೆ ಅಂತ ಒತ್ತಿಬಿಡ್ತೀವಿ."

"ಹೊಟ್ಟೆ ನೋಡಿದರೆ ಗೊತ್ತಾಗುತ್ತೆ," ಎಂದೆ. ಮಲಯಾಳಂನಲ್ಲೇ ಬಂತು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಇವಳು ದಿನಾ ಬೆಳಗ್ಗೆ ಕಾಫಿ ಹಿಡ್ಕೊಂಡು ಅದನ್ನೇ ನೋಡ್ತಾ ನಿಂತಿರ್ತಾಳೆ," ಎಂದರು ಅತ್ತೆ. "ಇವಳೇ ಹೇಳಲಿ. ನಾನು ಮೈಕಿನ ಮುಂದೆ ನಿಂತ್ರೆ ಬರೋದು ಬೈಗುಳವೇ."

ಹಾಗೆ ನಾನು ಗಾಜಿನ ಈಚೆ, ರಾಜೀವನ ಪಕ್ಕದಲ್ಲಿ ನಿಂತೆ. ಗಾಜಿನಾಚೆ ದೊಡ್ಡ ಬಿಳಿಯ ಉಂಗುರ. ಅದರ ಮುಂದೆ ಮಾಮ ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಿದ್ದರು. ಹೊದಿಕೆಯನ್ನು ಮೊಣಕಾಲಿನವರೆಗೆ ಸರಿಸಿದ್ದರು. ಪಾದಗಳು ನಮ್ಮ ಕಡೆಗೆ ದೊಡ್ಡದಾಗಿ ಕಾಣುತ್ತಿದ್ದವು. ಒಂದು ಸಲ ಅಭ್ಯಾಸ ಮಾಡಿಸಿ ಎಂದು ರಾಜೀವ್ ಮೈಕಿನ ಗುಂಡಿ ಒತ್ತಿ ತೋರಿಸಿದ.

"ಮಾಮ, ಉಸಿರು ತಗೊಳ್ಳಿ," ಎಂದೆ.

"ಯಾರದು? ಸುಮಿನಾ?" ಒಳಗಿನ ಸ್ಪೀಕರಿನಿಂದ ಮಾಮನ ದನಿ ಬಂತು. "ಇರುವೆ ಮಾತಾಡಿದ ಹಾಗಿದೆ. ಜೋರಾಗಿ ಹೇಳೇ!"

ರಾಜೀವನಿಗೆ ಕನ್ನಡ ಬರದಿದ್ದರೂ ನಕ್ಕ. ನಾನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದೆ. "ಉಸಿರು ತಗೊಳ್ಳಿ ಮಾಮ. ಇನ್ನೂ. ಇನ್ನೂ ಸ್ವಲ್ಪ. ಈಗ ಹಿಡ್ಕೊಳ್ಳಿ."

ಹೊಟ್ಟೆ ಏರಿತು. ನಿಂತಿತು. ನಾನು ನೋಡುತ್ತಿದ್ದ ಹಾಗೇ, ಯಾರೂ ಹೇಳದೆ, ಮೆಲ್ಲಗೆ ಇಳಿಯತೊಡಗಿತು. ಎಷ್ಟು ನಯವಾಗಿ ಎಂದರೆ, ಎದೆ ಒಂದಿಷ್ಟೂ ಕದಲಲಿಲ್ಲ. ತಾನು ಬಿಡುತ್ತಿದ್ದೇನೆ ಎಂದು ಮಾಮನಿಗೇ ಗೊತ್ತಿತ್ತೋ ಇಲ್ಲವೋ.

"ಬಿಡಬೇಡಿ! ಮಾಮ, ಬಿಡ್ತಿದೀರಿ!" ಎಂದು ಕೂಗಿಬಿಟ್ಟೆ. ಹೊರಗಿನ ಬೆಂಚಿನಲ್ಲಿದ್ದ ಯಾರೋ ಎದ್ದು ಬಾಗಿಲಲ್ಲಿ ಇಣುಕಿದರು.

"ಬಿಟ್ನಾ?" ಎಂದರು ಮಾಮ. "ಅಭ್ಯಾಸಬಲ ಕಣೇ. ತುಂಬಿ ಹಿಡಿದ್ರೆ ಎಡಗಡೆ ಎಳೀತದೆ. ಚಿಕ್ಕಂದಿನಿಂದಲೂ ಹಾಗೇ. ಬಿಟ್ಟು ಹಿಡಿದ್ರೆ ನೋವಿಲ್ಲ."

ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನು ರಾಜೀವನಿಗೆ ಹೇಳಿದೆ. ಅವನು ಡಾಕ್ಟರಿಗೆ ಫೋನ್ ಮಾಡಿದ. ನೋವಾಗುವಷ್ಟು ಬೇಡ, ಮುಕ್ಕಾಲು ತುಂಬಿದರೂ ಸಾಕು, ಬಿಡದಿದ್ದರೆ ಆಯಿತು ಎಂದರು. ನಾನು ಅದನ್ನು ಮೈಕಿನಲ್ಲಿ ಮಾಮನಿಗೆ ದಾಟಿಸಿದೆ. ಎರಡನೆಯ ಸಲ ಹೊಟ್ಟೆ ಏರಿತು, ಏರಿದಲ್ಲೇ ನಿಂತಿತು. ನಾನು ತಲೆಯಾಡಿಸಿದೆ. ರಾಜೀವ್ ಗುಂಡಿ ಒತ್ತಿದ. ಹಲಗೆ ಮಾಮನನ್ನು ಉಂಗುರದೊಳಕ್ಕೆ ಒಯ್ದಿತು. ಪರದೆಯ ಮೇಲೆ ಹೋಳುಗಳು ಒಂದರ ಹಿಂದೊಂದು ಬಂದು ಬೀಳತೊಡಗಿದವು. ಅಷ್ಟೂ ಹೊತ್ತು ನಾನೂ ಉಸಿರು ಹಿಡಿದಿದ್ದೆ.

ಮತ್ತೆ ಏಳನೇ ಮಹಡಿ. ಈಗ ಡಾಕ್ಟರು ಮೂರು ಚಿತ್ರಗಳನ್ನು ಸಾಲಾಗಿ ಇಟ್ಟಿದ್ದರು. ಕೊಳವೆ ದುಂಡಗಿತ್ತು. ಬೂದಿ ಬಣ್ಣ ಹೋಗಿ ಶ್ವಾಸಕೋಶ ಮತ್ತೆ ಕಪ್ಪಾಗಿತ್ತು. ಡಾಕ್ಟರು ಗಾಲಿ ಉರುಳಿಸಿ ಮಚ್ಚೆಯ ಹತ್ತಿರ ಬಂದರು. ಮಾಮ ಕುರ್ಚಿಯ ಅಂಚಿಗೆ ಬಂದರು.

ಮಬ್ಬು ತೆಳ್ಳಗೆ ಬಿಚ್ಚಿಕೊಂಡಿತ್ತು. ಅದರ ನಡುವೆ, ಸ್ವಲ್ಪ ಬದಿಗೆ, ಬಿಳಿ ಇತ್ತು. ಜೂನಿನಷ್ಟು ಇರಲಿಲ್ಲ. ಆದರೆ ಇತ್ತು.

ಅತ್ತೆಯ ಬಾಯಿಂದ ಸಣ್ಣ ಸದ್ದೊಂದು ಬಂತು.

ಡಾಕ್ಟರು ಮಬ್ಬಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಳದಿ ಗೆರೆ ಎಳೆದರು. ಹದಿನೆಂಟು ಮಿಲಿಮೀಟರ್. ಬಿಳಿಯ ಮೇಲೆ ಇನ್ನೊಂದು ಗೆರೆ. ಏಳು. "ಅರ್ಧಕ್ಕಿಂತ ಕಡಿಮೆ," ಎಂದರು. "ಮಾರ್ಚಿನಲ್ಲೂ ಇದ್ದಿರಬಹುದು, ಕೆಮ್ಮಿನ ಅಲುಗಾಟದಲ್ಲಿ ಕಾಣದೆ ಹೋಗಿರಬಹುದು. ಬೇರು ಇಳಿಯೋಕೆ ಶುರುವಾಗಿದೆ ಅಂತಲೇ ನಾನು ಓದ್ತೀನಿ. ಆದರೆ ಸ್ವಲ್ಪವೇ. ಇಷ್ಟಕ್ಕೆ ಹಾಲೆಯನ್ನು ಪೂರ್ತಿ ತೆಗೆಯದೆ, ಅದರ ಒಂದು ಭಾಗ ಮಾತ್ರ ತೆಗೆದರೆ ಸಾಕಾಗಬಹುದು. ಅದನ್ನು ಸರ್ಜನ್ ಹೇಳಬೇಕು. ನಾನು ಅವರ ಹತ್ತಿರ ಮಾತಾಡ್ತೀನಿ."

"ಇನ್ನೊಂದು ಸಲ ತೆಗೀರಿ," ಎಂದರು ಮಾಮ.

"ಯಾಕೆ?"

"ಒಂದು ರೀಡಿಂಗ್ ರೀಡಿಂಗೇ ಅಲ್ಲ. ಅದೂ ನನಗೆ ಬೇಕಾದ ಕಡೆಗೇ ಬಂದಿದೆ. ಬೇಕಾದ ಉತ್ತರ ಬಂದಾಗಲೇ ಉಪಕರಣದ ಮೇಲೆ ಅನುಮಾನ ಪಡಬೇಕು."

"ಅಂಕಲ್, ಇದು ಫೋಟೋ ಸ್ಟುಡಿಯೋ ಅಲ್ಲ," ಎಂದರು ಡಾಕ್ಟರ್ ನಿಶಾ. "ಪ್ರತಿ ಸಲವೂ ನಿಮ್ಮ ಮೈಮೇಲೆ ವಿಕಿರಣ ಬೀಳುತ್ತೆ. ಉಪಕರಣ ಸರಿಯಾಗಿದೆ. ಕೆಟ್ಟಿದ್ದು ನೀವು."

ಮೇಧಾ ಮೊದಲು ನಕ್ಕಳು. ಆಮೇಲೆ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಮಾಮ ಮಾತ್ರ ನಗಲಿಲ್ಲ. ಆ ಮಾತನ್ನು ತೂಗಿ ನೋಡುವವರಂತೆ ಕೂತಿದ್ದು, ಕೊನೆಗೆ ಸರಿ ಎಂಬಂತೆ ತಲೆಯಾಡಿಸಿದರು.

ಕೆಳಗಿನ ಕ್ಯಾಂಟೀನಿನಲ್ಲಿ ಅವರು ಅಪ್ಪಂ ಮುಟ್ಟದೆ ಕೂತಿದ್ದರು. "ಏನೂ ಇಲ್ಲ ಅಂತಾರೇನೋ ಅಂದ್ಕೊಂಡಿದ್ದೆ ಕಣೇ," ಎಂದರು ಅತ್ತೆಗೆ. "ನನ್ನ ಪೆದ್ದತನದಿಂದ್ಲೇ ಬಂದದ್ದು, ಅದರ ಜೊತೆಗೇ ಹೋಗುತ್ತೆ ಅಂತ."

"ಪೆದ್ದತನ ಹೋಗಲ್ಲ ಬಿಡಿ, ಅದು ಗಟ್ಟಿಯಾಗಿ ಬೇರು ಬಿಟ್ಟಿದೆ," ಎಂದರು ಅತ್ತೆ. ಅಪ್ಪಂ ಮುರಿದು ಕಡಲೆ ಗೊಜ್ಜಿನಲ್ಲಿ ಅದ್ದಿ ಅವರ ತಟ್ಟೆಯ ಅಂಚಿಗಿಟ್ಟರು. "ತಿನ್ನಿ. ಆ ಏಳನ್ನ ತೆಗೆಸ್ಕೊಂಡು ಬರೋಣ."

ತಿರುವನಂತಪುರದ ಸರ್ಜನ್ ಹೊಸ ಚಿತ್ರವನ್ನು ಎರಡು ದಿನ ಇಟ್ಟುಕೊಂಡು ನೋಡಿ ಒಪ್ಪಿದರು. ಆ ಬಗೆಯ ಚಿಕ್ಕ ಆಪರೇಷನ್ನನ್ನು ಹೆಚ್ಚು ಮಾಡುವವರು ಕೊಚ್ಚಿಯ ಅದೇ ಆಸ್ಪತ್ರೆಯಲ್ಲಿ ಇದ್ದುದರಿಂದ ಅಲ್ಲಿಗೇ ಕಳಿಸಿದರು. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮಾಮನನ್ನು ಒಳಗೆ ಕರೆದೊಯ್ದರು. ಕತ್ತರಿಸಿದ ತುಂಡಿನ ಅಂಚನ್ನು ಅಲ್ಲೇ ಪರೀಕ್ಷೆಗೆ ಕಳಿಸುತ್ತಾರೆ, ಅಂಚಿನಲ್ಲಿ ಕೆಟ್ಟ ಜೀವಕೋಶ ಕಂಡರೆ ಹಾಲೆಯನ್ನು ಪೂರ್ತಿ ತೆಗೆಯುತ್ತಾರೆ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಬಾಗಿಲು ತೆರೆದಾಗಲೆಲ್ಲ ನಮಗೆ ಒಂದೇ ಪ್ರಶ್ನೆ. ಅತ್ತೆ ಜಪ ಮಾಡಲಿಲ್ಲ. ಬಟಾಣಿ ಸುಲಿಯುವವರ ಹಾಗೆ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತಿದ್ದರು. ಸಂಜೆಗೆ ಮುಂಚೆ ಅಲ್ಲಿನ ಸರ್ಜನ್ ಹೊರಬಂದರು. "ಅಂಚು ಶುದ್ಧವಾಗಿದೆ. ಹಾಲೆ ಉಳೀತು," ಎಂದರು. ಅತ್ತೆ ಕುರ್ಚಿಯಿಂದ ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಮೇಧಾ ಅಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅವಳು ಅಳುವಾಗ ಕನ್ನಡದಲ್ಲೇ ಅಳುತ್ತಾಳೆ.

ತುಂಡಿನ ಪೂರ್ತಿ ರಿಪೋರ್ಟು ಬರಲು ಒಂದು ವಾರ ಹಿಡಿಯಿತು. ಅದು ಬಂದ ದಿನ ಮಾಮ ವಾರ್ಡಿನಲ್ಲಿ ದಿಂಬಿಗೆ ಒರಗಿ ಕೂತು, ನರ್ಸಿನ ಬಿ.ಪಿ. ಯಂತ್ರವನ್ನು ಯಾವಾಗ ಪರೀಕ್ಷೆ ಮಾಡಿಸಿದ್ದು ಎಂದು ವಿಚಾರಿಸುತ್ತಿದ್ದರು. ರಿಪೋರ್ಟನ್ನು ನಿಶಾ ಡಾಕ್ಟರಿಗೆ ತೋರಿಸಿ ಬಾ ಎಂದು ಮೇಧಾ ನನ್ನ ಕೈಗೆ ಕೊಟ್ಟಳು. ನಾನೊಬ್ಬಳೇ ಏಳನೇ ಮಹಡಿಗೆ ಹೋದೆ. ಬಾಗಿಲ ಬಳಿ ನಿಂತಿದ್ದವಳನ್ನು ಡಾಕ್ಟರೇ ನೋಡಿ ಒಳಗೆ ಕರೆದರು.

"ಬಾ ಮೋಳೇ. ನಾನೂ ಕಾಯ್ತಿದ್ದೆ." ಅವರ ಕಣ್ಣು ಹಾಳೆಯ ಮೇಲೆ ಬೇಗಬೇಗ ಓಡಿತು. "ಒಳ್ಳೇದು. ಬಹಳ ಒಳ್ಳೇದು. ಬೇರು ಇಳಿದದ್ದು ಐದು ಮಿಲಿಮೀಟರ್ ಮಾತ್ರ. ಇಷ್ಟರಲ್ಲೇ ತೆಗೆದುಬಿಟ್ಟರೆ ಮತ್ತೆ ಬರೋದು ತೀರಾ ಅಪರೂಪ. ಬೇರೆ ಔಷಧಿ ಬೇಕಾಗಲ್ಲ. ಆರು ತಿಂಗಳಿಗೊಮ್ಮೆ ಬಂದು ನೋಡಿಸಿಕೊಳ್ಳಲಿ ಸಾಕು."

ನಾನು ಹೊರಡಬೇಕಿತ್ತು. ವಾರ್ಡಿನಲ್ಲಿ ಕಾಯುತ್ತಿದ್ದರು. ಆದರೆ ಕಾಲು ಹೋಗಲಿಲ್ಲ.

"ನೀವು ಏಳು ಅಂದಿದ್ರಿ," ಎಂದೆ. "ಅವರು ಐದು ಅಂದಿದಾರೆ. ಯಾವುದು ಸರಿ?"

ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದು ಕೊಟ್ಟರು. "ಕೂತ್ಕೋ. ಅವರು ಮಾಂಸದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಹೊರಗೆ ತೆಗೆದ ಮೇಲೆ ಅದರೊಳಗೆ ಗಾಳಿ ಇಲ್ಲ, ದ್ರಾವಣದಲ್ಲಿಟ್ಟ ಮೇಲೆ ಇನ್ನಷ್ಟು ಕುಗ್ಗುತ್ತೆ. ನಾನು ನೋಡೋದು ಜೀವ ಇರುವಾಗಿನ ನೆರಳು. ನೆರಳಿನಲ್ಲಿ ಬೇರೂ ಬಿಳಿ, ಕುಸಿದ ಗೂಡೂ ಬಿಳಿ, ಹಳೆ ಗಾಯದ ಕಲೆಯೂ ಬಿಳಿ. ಆ ಎರಡು ಮಿಲಿಮೀಟರ್ ಏನಾಗಿತ್ತು ಅಂತ ನನಗೂ ಗೊತ್ತಿಲ್ಲ. ಅದಕ್ಕೇ ರಿಪೋರ್ಟಿಗೆ ಕಾಯ್ತಿದ್ದದ್ದು."

ಅವರ ಹಾಗೆ ಓದಿದವರು ಗೊತ್ತಿಲ್ಲ ಎನ್ನುವಾಗ ಅಷ್ಟು ಖುಷಿಯಿಂದ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರು ಮಾಮನ ಜುಲೈ ಚಿತ್ರ ತೆರೆದರು. ಹಳದಿ ಗೆರೆ ಅಳಿಸಿದರು. ಮಬ್ಬು, ಅದರೊಳಗೆ ಬಿಳಿ, ಸುತ್ತ ಕಪ್ಪು.

"ನೀನಾಗಿದ್ದರೆ ಎಲ್ಲಿಂದ ಎಲ್ಲಿಗೆ ಅಳೀತಿದ್ದೆ?" ಎಂದು ಮೌಸನ್ನು ನನ್ನ ಕಡೆ ಸರಿಸಿದರು.

ನಾನು ತುಂಬ ಹೊತ್ತು ನೋಡಿದೆ. ಬಿಳಿ ಎಲ್ಲಿ ಮುಗಿಯುತ್ತದೆ ಎಂಬುದು ದೂರದಿಂದ ಸ್ಪಷ್ಟವಾಗಿತ್ತು. ಹತ್ತಿರ ಹೋದ ಹಾಗೆ ಅಂಚು ಕರಗುತ್ತಿತ್ತು. ಒಂದು ಕಡೆ ರಕ್ತನಾಳ ಬಂದು ಸೇರಿಕೊಂಡಿತ್ತು. ಅದನ್ನು ಸೇರಿಸಬೇಕೋ ಬಿಡಬೇಕೋ ತಿಳಿಯಲಿಲ್ಲ. ಕೊನೆಗೆ ಬಿಟ್ಟು ಗೆರೆ ಎಳೆದೆ. ಪಕ್ಕದಲ್ಲಿ ಆರು ಎಂದು ಮೂಡಿತು.

"ನೋಡು, ಈಗ ಮೂರು ಉತ್ತರ ಆಯ್ತು," ಎಂದು ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. "ರಕ್ತನಾಳವನ್ನ ಬಿಟ್ಟೆಯಾ? ಯಾಕೆ?"

ಮಡಿಲಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅತ್ತೆ. ಎತ್ತಿ, "ಐದಂತೆ ಅತ್ತೆ, ಔಷಧಿ ಬೇಡವಂತೆ, ಮಾಮನಿಗೆ ಹೇಳಿ," ಎಂದೆ. ಆಚೆಯಿಂದ ಮಾಮನ ದನಿ, ಯಾವುದರಿಂದ ಅಳೆದರಂತೆ ಕೇಳೇ ಎನ್ನುತ್ತಿತ್ತು. ಬರ್ತೀನಿ ಎಂದು ಫೋನಿಟ್ಟೆ. ಆಮೇಲೆ ಪರದೆಯ ಹತ್ತಿರ ಬಾಗಿ, ಆ ನಾಳವನ್ನು ಯಾಕೆ ಬಿಟ್ಟೆ ಎಂದು ಡಾಕ್ಟರಿಗೆ ತೋರಿಸಲು ಗಾಲಿಯನ್ನು ಒಂದು ಹೋಳು ಹಿಂದಕ್ಕೆ ಉರುಳಿಸಿದೆ.